ರಜೆಯ ಕಟ್ಟಿಗೆ ಕಾಯದ ಯಂತ್ರ

ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಮದರಾಸಿನ ಒಂದು ಕಾರ್ಖಾನೆಯ ಕಂಪ್ಯೂಟರ್ ರೂಮಿನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಹೇಳಿದರೆ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಆಗಿನ ಕಂಪ್ಯೂಟರಿಗೆ ಓದಿದವರು ಎಷ್ಟು ಬೇಕೋ ಹೊರುವವರೂ ಅಷ್ಟೇ ಬೇಕಾಗಿತ್ತು.

ಗಂಡ ಸತ್ತ ಮೇಲೆ ನನ್ನನ್ನು ಅಲ್ಲಿ ಸೇರಿಸಿದವರು ಭಾವ, ಗಂಡನ ಅಣ್ಣ. ಅವರು ಆ ರೂಮಿನ ಹಿರಿಯ ಆಪರೇಟರ್. ಪಲ್ಲಾವರದಲ್ಲಿ ಒಂದೇ ಮನೆಯಲ್ಲಿದ್ದೆವು, ಒಂದೇ ಒಲೆಯಲ್ಲಿ ಅಡಿಗೆ. ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಟ್ರೇಯಲ್ಲಿಟ್ಟು ಯಂತ್ರದ ಬಾಯಿಗೆ ಒಯ್ಯುವುದು ನನ್ನ ಕೆಲಸ. ಒಂದೊಂದು ಕಟ್ಟೂ ಒಂದೊಂದು ಜಾಬ್. ನನಗೆ ಇಂಗ್ಲಿಷ್ ಬಾರದು, ಬಣ್ಣ ಗೊತ್ತಿತ್ತು. ಹಾಜರಿಯ ಕಟ್ಟಿಗೆ ಮೇಲಂಚಿನಲ್ಲಿ ಕೆಂಪು ಗೀಟು, ರಜೆಯದಕ್ಕೆ ಹಸಿರು, ಕೆಲಸದಿಂದ ತೆಗೆಯುವ ಕಾಗದದ ಕಟ್ಟಿಗೆ ನೀಲಿ. ಗೀಟನ್ನು ಓರೆಯಾಗಿ ಎಳೆದಿರುತ್ತಿದ್ದರು. ಕಟ್ಟು ಬಿದ್ದು ಚೆಲ್ಲಿದರೂ ಗೀಟು ಕೂಡುವಂತೆ ಜೋಡಿಸಿದರೆ ಸರಿಹೋಗುತ್ತಿತ್ತು. ನಾನು ಎರಡು ಸಲ ಬೀಳಿಸಿದ್ದೇನೆ. ಯಾರಿಗೂ ಗೊತ್ತಾಗಲಿಲ್ಲ.

ಯಾವ ಜಾಬ್ ಮೊದಲು, ಯಾವುದು ಆಮೇಲೆ ಎನ್ನುವುದು ಭಾವನ ತಲೆಯಲ್ಲಿತ್ತು. ಬೆಳಿಗ್ಗೆ ಬಂದು ಕರಿಹಲಗೆಯ ಮೇಲೆ ಬರೆಯುತ್ತಿದ್ದರು, ಅದೇ ಆ ದಿನದ ಕಾನೂನು. ಸೂಟು ಹಾಕಿದ ಆಫೀಸರುಗಳೂ ತಮ್ಮ ಸರದಿ ಯಾವಾಗ ಎಂದು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಭಾವನಿಗೆ ಅದು ರುಚಿ. ಬೇಕೆಂದೇ ಕಾಯಿಸುತ್ತಿದ್ದರು.

ಎಂಬತ್ತರ ದಶಕ ಶುರುವಾದ ಮೇಲೆ ಹೊಸ ಯಂತ್ರ ಬಂತು. ಜಾಬುಗಳನ್ನೆಲ್ಲ ತನ್ನೊಳಗೇ ಇಟ್ಟುಕೊಂಡು, ಹೊತ್ತು ನೋಡಿ, ತಾನೇ ಒಂದಾದ ಮೇಲೊಂದು ನಡೆಸುವ ಯಂತ್ರ. ಮ್ಯಾನೇಜರು ಭಾವನನ್ನು ಕರೆದು ಮುಚ್ಚುಮರೆಯಿಲ್ಲದೆ ಹೇಳಿದರಂತೆ: ಸರದಿಯೆಲ್ಲ ಯಂತ್ರಕ್ಕೆ ಬಂದ ಮೇಲೆ ನಿಮಗೆ ಇಲ್ಲಿ ಕೆಲಸವಿಲ್ಲ, ಸ್ಟೋರ್ಸಿಗೆ ಹೋಗಬೇಕು. ಸ್ಟೋರ್ಸೆಂದರೆ ಹಿಂದಿನ ತಗಡಿನ ಷೆಡ್ಡಿನಲ್ಲಿ ಬೋಲ್ಟು ಎಣಿಸುವುದು. ಭಾವನಿಗೆ ರಿಟೈರಾಗಲು ಇನ್ನೂ ಐದು ವರ್ಷವಿತ್ತು.

ಸರದಿ ಬರೆದುಕೊಳ್ಳಲು ಅಣ್ಣಾ ನಗರದಿಂದ ಒಬ್ಬ ಪ್ರೋಗ್ರಾಮರ್ ಹೆಂಗಸು ಬಂದಳು. ತಮಿಳಿನವಳು, ಒಳ್ಳೆಯವಳು, ನನಗೂ ಕುರ್ಚಿ ಹಾಕುತ್ತಿದ್ದಳು. ಒಂದು ತಿಂಗಳು ಭಾವನ ಎದುರು ಕೂತು ಬರೆದುಕೊಂಡಳು. ಪ್ರತಿ ದಿನ ಕೊನೆಯಲ್ಲಿ "ಅವ್ವಳವುದಾನಾ ಸಾರ್?" ಎಂದು ಕೇಳುತ್ತಿದ್ದಳು, ಅಷ್ಟೇನಾ ಎಂದು. ಭಾವ ಅಷ್ಟೇ ಎನ್ನುತ್ತಿದ್ದರು.

ಅಷ್ಟೇ ಆಗಿರಲಿಲ್ಲ. ನಮ್ಮ ಕಾರ್ಖಾನೆಗೆ ತಾಂಬರದಲ್ಲಿ ಇನ್ನೊಂದು ಷೆಡ್ಡಿತ್ತು. ಅಲ್ಲಿಯವರ ರಜೆ ಕಾರ್ಡುಗಳು ತಗಡಿನ ಪೆಟ್ಟಿಗೆಯಲ್ಲಿ ಎಲೆಕ್ಟ್ರಿಕ್ ರೈಲಿನಲ್ಲಿ ಬರುತ್ತಿದ್ದವು. ಹಬ್ಬದ ಮರುದಿನ ಆ ಪೆಟ್ಟಿಗೆ ಮಧ್ಯಾಹ್ನಕ್ಕೆ ಮೊದಲು ಬಂದದ್ದೇ ಇಲ್ಲ, ಅಲ್ಲಿಯ ಗುಮಾಸ್ತರು ಅವತ್ತು ಬೆಳಿಗ್ಗೆ ಕೂತು ತೂತು ಹೊಡೆಯುತ್ತಿದ್ದರು. ಟೆಂಪರರಿ ಕೆಲಸದವರು ರಜೆಯಿಲ್ಲದೆ ಮೂರು ದಿನ ತಪ್ಪಿಸಿದರೆ ತೆಗೆಯುವ ಕಾಗದ ತಾನಾಗಿ ಅಚ್ಚಾಗುತ್ತಿತ್ತು. ಹಸಿರು ಹೋಗುವ ಮೊದಲು ನೀಲಿ ಹೋದರೆ ರಜೆ ಕೇಳಿದವರೂ ತಪ್ಪಿಸಿದವರಾಗುತ್ತಿದ್ದರು. ಅದಕ್ಕೇ ಭಾವ ಅಂಥ ದಿನ ನೀಲಿಯನ್ನು ಟೇಬಲ್ಲಿನ ಮೇಲಿಟ್ಟು ಕಾಫಿ ಕುಡಿಯುತ್ತಾ ಕೂರುತ್ತಿದ್ದರು. ಇದು ಎಲ್ಲೂ ಬರೆದಿರಲಿಲ್ಲ. ಗೊತ್ತಿದ್ದದ್ದು ಅವರಿಗೆ, ಆಮೇಲೆ ನನಗೆ.

ಮನೆಯಲ್ಲಿ ಊಟಕ್ಕೆ ಬಡಿಸುತ್ತಾ ಕೇಳಿದೆ, ಹಬ್ಬದ ಮರುದಿನದ ಸಂಗತಿ ಹೇಳಲಿಲ್ಲವಲ್ಲ ಎಂದು.

"ಎಲ್ಲಾನೂ ಅದರ ಹೊಟ್ಟೆಗೆ ಹಾಕಿಬಿಟ್ರೆ ನನಗೇನು ಮಿಕ್ತು?" ಎಂದರು. "ಒಂದ್ಸಲ ಎಡವಲಿ. ಆಗ ಬರ್ತಾರೆ ನನ್ನ ಹತ್ರ."

"ಯಾರದೋ ಕೆಲ್ಸ ಹೋಗತ್ತಲ್ಲ ಭಾವ."

"ಹೋಗಲ್ಲ. ಕಾಗದ ಮೊದ್ಲು ನನ್ನ ಟೇಬಲ್ಲಿಗೆ ತಾನೆ ಬರೋದು? ನಾನೇ ಎತ್ಕೊಂಡು ಹೋಗಿ ತೋರಿಸ್ತೀನಿ. ನೀನು ಸುಮ್ನೆ ಹುಳಿ ಹಾಕು."

ಹುಳಿ ಹಾಕಿದೆ. ಅವರ ಮನೆಯ ಅನ್ನ, ಅವರು ಕೊಡಿಸಿದ ಕೆಲಸ. ಪ್ರೋಗ್ರಾಮರ್ ಹೆಂಗಸಿಗೆ ನಾನೂ ಹೇಳಲಿಲ್ಲ.

ಪೊಂಗಲ್ ಮುಗಿದ ಮರುದಿನ ಯಂತ್ರ ತನಗೆ ಹೇಳಿದ ಹೊತ್ತಿಗೆ ಸರಿಯಾಗಿ ನೀಲಿ ಜಾಬನ್ನು ನಡೆಸಿತು. ಯಾರ ಕಾಫಿಗೂ ಕಾಯಲಿಲ್ಲ. ಪ್ರಿಂಟರಿನಿಂದ ಕಾಗದ ಬರುವುದನ್ನು ಭಾವ ಕೈಕಟ್ಟಿಕೊಂಡು ನೋಡುತ್ತಿದ್ದರು, ಮುಖದಲ್ಲಿ ನಗುವಿತ್ತು. ಅಷ್ಟರಲ್ಲಿ ಪರ್ಸನಲ್ ಸೆಕ್ಷನ್ನಿನ ಪ್ಯೂನು ಬಂದು ಕಾಗದಗಳನ್ನು ಹರಿದು ಮಡಿಸಿ ತೆಗೆದುಕೊಂಡು ಹೋದ. ಹೊಸ ಏರ್ಪಾಡಿನಲ್ಲಿ ಕಾಗದ ನೇರ ಅಲ್ಲಿಗೇ ಹೋಗಬೇಕಂತೆ, ಭಾವನ ಟೇಬಲ್ಲನ್ನು ದಾರಿಯಿಂದ ತೆಗೆದಿದ್ದರು. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಭಾವನ ನಗು ಹೋಯಿತು. ಮ್ಯಾನೇಜರ ರೂಮಿಗೆ ಓಡಿದರು. ಒಳಗೆ ಮೀಟಿಂಗು, ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಒಳಗೆ ನುಗ್ಗಿ ಹೇಳಬಹುದಿತ್ತು. ನುಗ್ಗಲಿಲ್ಲ, ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳುತ್ತಾರಲ್ಲ. ಕೂತೇ ಇದ್ದರು. ತಾಂಬರದ ಪೆಟ್ಟಿಗೆ ಬರುವ ಹೊತ್ತಿಗೆ ಕಾಗದಗಳು ಇಲ್ಲಿಯ ಗೇಟಿನಲ್ಲೂ ತಾಂಬರದ ಗೇಟಿನಲ್ಲೂ ಹಂಚಿಹೋಗಿದ್ದವು.

ಕೂಗಾಡಿದವರನ್ನು ಸಂಜೆಯೊಳಗೆ ಒಳಗೆ ಕರೆದುಕೊಂಡರು. ತಾಂಬರದ ಪ್ಯಾಕಿಂಗಿನವಳೊಬ್ಬಳು ಕೂಗಾಡಲಿಲ್ಲ. ರೈಲಿನಲ್ಲಿ ನೋಡಿ ನನಗೆ ಗೊತ್ತಿದ್ದವಳು. ಮಗನ ಹೊಟ್ಟೆ ಆಪರೇಷನ್ನಿಗೆಂದು ಹಬ್ಬಕ್ಕೆ ಮುಂಚಿನ ಮೂರು ದಿನ ಚೀಟಿ ಕೊಟ್ಟೇ ರಜೆ ಹೋಗಿದ್ದಳು. ಗೇಟಿನಲ್ಲಿ ಕಾಗದ ಕೊಟ್ಟರು, ಹೆಬ್ಬೆಟ್ಟು ಒತ್ತು ಎಂದರು, ಒತ್ತಿ ಹೋದಳು. ಅವಳ ಹಸಿರು ಕಾರ್ಡು ಮಧ್ಯಾಹ್ನ ನನ್ನ ಕೈಯಲ್ಲೇ ಯಂತ್ರಕ್ಕೆ ಹೋಯಿತು. ವಾರದ ಮೇಲೆ ಅವಳು ಕೇಳಲು ಬಂದಾಗ, ಹೆಬ್ಬೆಟ್ಟು ಒತ್ತಿದ್ದೀಯ, ಜಾಗಕ್ಕೆ ಬೇರೆಯವರು ಬಂದಾಯಿತು ಎಂದರಂತೆ. ಗೇಟಿನ ಹೊರಗೆ ಕೆಲಸಕ್ಕೆ ಕಾಯುವವರಿಗೇನು ಕಡಿಮೆ.

ಪ್ರೋಗ್ರಾಮರ್ ಹೆಂಗಸು ನಮ್ಮಿಬ್ಬರನ್ನೂ ಕೂರಿಸಿ, ಪೆಟ್ಟಿಗೆಗೆ ಕಾಯಬೇಕೆಂದು ಯಾರಿಗೆ ಗೊತ್ತಿತ್ತು ಎಂದು ಕೇಳಿದಳು. ಭಾವ ಮರೆತುಹೋಗಿತ್ತು ಎಂದರು. ಅವಳು ನನ್ನ ಕಡೆ ತಿರುಗಿದಳು.

"ನಾನು ಹೊರೋಳು ಮೇಡಂ," ಎಂದೆ. "ನನಗೇನು ಗೊತ್ತು."

ಅವಳು ಹತ್ತು ನಿಮಿಷದಲ್ಲಿ ಅದನ್ನೂ ಬರೆದು ಯಂತ್ರಕ್ಕೆ ಸೇರಿಸಿದಳು. ಮುಂದಿನ ಹಬ್ಬದಲ್ಲಿ ಅದು ಪೆಟ್ಟಿಗೆಗೆ ಕಾದೇ ಕಾಯಿತು, ಭಾವನಿಗಿಂತ ಚೆನ್ನಾಗಿ. ಅಷ್ಟರಲ್ಲಿ ಭಾವ ಸ್ಟೋರ್ಸಿಗೆ ಹೋಗಿಯಾಗಿತ್ತು. ಐದು ವರ್ಷ ಬೋಲ್ಟು ಎಣಿಸಿದರು. ಮನೆಯಲ್ಲಿ ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನನ್ನು ಮಾತ್ರ ಅಲ್ಲೇ ಇಟ್ಟುಕೊಂಡರು. ಕಾರ್ಡು ಹೊರುವುದನ್ನು ಯಂತ್ರ ಇನ್ನೂ ಕಲಿತಿರಲಿಲ್ಲ.

ಪ್ಯಾಕಿಂಗಿನವಳನ್ನು ಆಮೇಲೆ ಒಂದು ಸಲ ಕಂಡೆ, ಪಲ್ಲಾವರದ ವಾರದ ಸಂತೆಯಲ್ಲಿ. ಗೋಣಿಯ ಮೇಲೆ ಕರಿಬೇವು, ಕೊತ್ತಂಬರಿ ಹಾಕಿಕೊಂಡು ಕೂತಿದ್ದಳು. ನನ್ನ ಗುರುತು ಹಿಡಿದಳು. ನೀನು ಆ ಮಿಷಿನ್ ರೂಮಿನವಳಲ್ಲವಾ ಎಂದು ತಮಿಳಿನಲ್ಲಿ ಕೇಳಿದಳು. ಚೀಟಿ ಕೊಟ್ಟಿದ್ದೆನಲ್ಲ, ನನ್ನ ಹೆಸರು ಹೊಡೆದುಹಾಕಿದವರು ಯಾರು, ಅಲ್ಲೇ ಇದ್ದವಳು ನೀನು, ಹೇಳು ಎಂದಳು. ಜಗಳದ ದನಿಯಲ್ಲ. ತಿಳಿದುಕೊಳ್ಳಬೇಕಿತ್ತು, ಅಷ್ಟೆ.

"ಮಿಷಿನ್ ದಾನ್," ಎಂದೆ. ಮಿಷಿನ್ನೇ.

ಅವಳು ನಂಬಿದಳು. ಮನುಷ್ಯರಾರೂ ಮಾಡಿದ್ದಲ್ಲವಲ್ಲ ಎಂದು ಅವಳಿಗೆ ಸ್ವಲ್ಪ ಸಮಾಧಾನವೇ ಆದಂತೆ ಕಂಡಿತು. ನಾನು ಕೇಳಿದ್ದಕ್ಕಿಂತ ಒಂದು ಹಿಡಿ ಕರಿಬೇವು ಹೆಚ್ಚಿಗೆ ಚೀಲಕ್ಕೆ ಹಾಕಿದಳು. ಬೇಡವೆನ್ನಲಿಲ್ಲ, ತೆಗೆದುಕೊಂಡು ಬಂದೆ.