ಪಾಚಿಯ ಪರ ನಿಂತ ಲಲಿತಕ್ಕ

ಲಲಿತಕ್ಕನ ಉಗುರಿನ ಸಂದಿಗಳಲ್ಲಿ ಸದಾ ಹಸಿರು ಇರುತ್ತಿತ್ತು. ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ಆ ಬೆರಳುಗಳನ್ನು ನೋಡಿ ಮೆಲ್ಲಗೆ ಆಚೆ ಸರಿಯುತ್ತಿದ್ದರು. ಲಲಿತಕ್ಕನಿಗೆ ಅದು ಕಾಣದೆ ಇರುತ್ತಿರಲಿಲ್ಲ. ಅನ್ನಕ್ಕೆ ಸಾರು ಕಲಸಿಕೊಳ್ಳುತ್ತಲೇ, "ಇದು ಕೊಳೆ ಅಲ್ಲ, ಪಾಚಿ. ನೀವು ಈಗ ಎಳಕೊಂಡ ಉಸಿರಲ್ಲಿ ಇದರದ್ದೂ ಪಾಲಿದೆ" ಎನ್ನುತ್ತಿದ್ದರು. ಸರಿದವರು ಇನ್ನೊಂದು ಗೇಣು ಸರಿಯುತ್ತಿದ್ದರು.

ಕೊಪ್ಪದ ಕಾಲೇಜೊಂದರ ಪ್ರಯೋಗಾಲಯದಲ್ಲಿ ಅವರು ಅಟೆಂಡರ್ ಆಗಿದ್ದವರು. ಗಾಜಿನ ಸಾಮಾನು ತೊಳೆಯುವುದು, ಪಾಠಕ್ಕೆ ಬೇಕಾದ ನೀರು, ಎಲೆ, ಬೇರುಗಳನ್ನು ಹುಡುಕಿ ತರುವುದು ಅವರ ಕೆಲಸ. ತಂದಿದ್ದನ್ನು ಮಕ್ಕಳು ನೋಡಿ ಹೋದ ಮೇಲೆ ತಾವೂ ನೋಡುತ್ತಿದ್ದರು. ಹಾಗೆ ನೋಡುತ್ತಲೇ ನೌಕರಿ ಮುಗಿಯಿತು. ಗುಜರಿಗೆ ಹೋಗಬೇಕಿದ್ದ ಹಳೆಯ ಮೈಕ್ರೋಸ್ಕೋಪೊಂದನ್ನು ಕೇಳಿ ಪಡೆದು, ನರಸಿಂಹರಾಜಪುರದ ಹತ್ತಿರದ ನಮ್ಮೂರಿಗೆ ಬಂದು ನೆಲೆಸಿದರು. ಯಾರಾದರೂ ಅವರ ಓದಿನ ಬಗ್ಗೆ ಕೆದಕಿದರೆ ಸಿದ್ಧ ಉತ್ತರವಿತ್ತು: "ನಾನು ಓದಿದವಳಲ್ಲ ಮಾರಾಯ, ನೋಡಿದವಳು."

ನಾನಾಗ ಗ್ರಾಮ ಪಂಚಾಯಿತಿ ಸದಸ್ಯ. ಆ ಬೇಸಿಗೆ ನಮ್ಮೂರ ಕೆರೆ ದಡದಿಂದ ದಡಕ್ಕೆ ಹಸಿರು ಕಂಬಳಿ ಹೊದ್ದಂತಾಗಿತ್ತು. ವಾಸನೆ ಶುರುವಾಗಿತ್ತು. ಬಟ್ಟೆ ಒಗೆಯುವವರು ಬಂದು ಬೈದರು. ಮೈಲುತುತ್ತ ಸುರಿದರೆ ಎರಡೇ ದಿನದಲ್ಲಿ ಪಾಚಿ ಸಾಯುತ್ತದೆ ಎಂದು ಅಧ್ಯಕ್ಷರು ಹೇಳಿದರು. ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುವ ಆ ನೀಲಿ ಪುಡಿ ನಮಗೆಲ್ಲ ಮನೆಯ ಸಾಮಾನಿನಷ್ಟೇ ಪರಿಚಿತ. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಠರಾವಿಗೆ ನಾನೂ ಸಹಿ ಹಾಕಿದೆ.

ಸುದ್ದಿ ತಿಳಿದ ಲಲಿತಕ್ಕ ನನ್ನನ್ನು ಮನೆಗೆ ಕರೆಸಿಕೊಂಡರು. ಬಯ್ಯಲಿಲ್ಲ. ಕೆರೆಯಿಂದ ಒಂದು ಎಳೆ ಪಾಚಿ ತಂದು ಗಾಜಿನ ಮೇಲಿಟ್ಟು, ಮೈಕ್ರೋಸ್ಕೋಪಿನಡಿ ಸರಿಸಿ, "ಕಣ್ಣಿಡು ನಾಗೇಶ" ಎಂದರು. ಇಟ್ಟೆ. ಕೊಳಕೆಂದು ನಾನು ಮೂಗು ಮುಚ್ಚಿಕೊಂಡಿದ್ದ ಆ ಲೋಳೆಯೊಳಗೆ ನೀಳವಾದ ಗಾಜಿನ ಕೊಳವೆಗಳಂಥವು. ಒಂದೊಂದರೊಳಗೂ ಹಸಿರು ರಿಬ್ಬನ್ನು ಸುತ್ತಿ ಸುತ್ತಿ ಇಟ್ಟ ಹಾಗೆ. ಅದರಿಂದ ಕಣ್ಣು ಕೀಳಲಾಗಲಿಲ್ಲ.

"ದನಕ್ಕೆ ಹುಲ್ಲು ಹ್ಯಾಗೋ ನೀರಿನ ಜೀವಕ್ಕೆ ಇದು ಹಾಗೆ" ಎಂದರು. "ಗೊದಮೊಟ್ಟೆ, ಮೀನುಮರಿ, ಹುಳ, ಎಲ್ಲ ಇದನ್ನೇ ತಿನ್ನೋದು. ಬಿಸಿಲಿದ್ದಾಗ ನೀರಿಗೆ ಗಾಳಿ ಕೊಡೋದೂ ಇದೇ."

"ಆದ್ರೆ ಲಲಿತಕ್ಕ, ಇಷ್ಟೊಂದಾ?"

"ಇಷ್ಟೊಂದು ಆಗಬಾರದು. ನಾನೆಲ್ಲಿ ಒಳ್ಳೇದು ಅಂದೆ? ಸಮುದಾಯ ಭವನದ ಚರಂಡಿ ಎಲ್ಲಿಗೆ ಬಂದು ಬೀಳ್ತದೆ ಹೇಳು. ಪ್ರತಿ ಮದುವೆಯ ಎಂಜಲು, ಸೋಪಿನ ನೀರು, ಎಲ್ಲ ಕೆರೆಗೆ. ತಿನ್ನಕ್ಕೆ ಕೊಟ್ಟವರು ನೀವು, ಬೆಳೀತು ಅಂತ ಕೊಲ್ಲೋರೂ ನೀವು. ಒಂದೇ ಸಲ ಇಷ್ಟೂ ಪಾಚಿ ಸತ್ತು ಕೊಳೆತ್ರೆ ನೀರಲ್ಲಿರೋ ಗಾಳಿಯೆಲ್ಲ ಹೋಗ್ತದೆ. ಮೀನು ಮೇಲೆ ತೇಲ್ತವೆ. ವಿಷ ಕೆಸರಲ್ಲಿ ಕೂರ್ತದೆ."

ಇದನ್ನು ಸಭೆಯಲ್ಲಿ ಹೇಳುತ್ತೇನೆಂದು ಮಾತು ಕೊಟ್ಟು ಬಂದೆ. ಹೇಳಲಿಲ್ಲ. ಭವನ ಕಟ್ಟಿಸಿದ್ದೇ ಅಧ್ಯಕ್ಷರು, ಅವರೆದುರು ಚರಂಡಿಯ ಮಾತೆತ್ತಲು ನನಗೆ ಧೈರ್ಯ ಬರಲಿಲ್ಲ.

ಮೈಲುತುತ್ತದ ಚೀಲಗಳು ದಂಡೆಗೆ ಬಂದ ಬೆಳಿಗ್ಗೆ ಲಲಿತಕ್ಕ ಆಗಲೇ ಕೆರೆಯೊಳಗೆ ಸೊಂಟದವರೆಗಿನ ನೀರಲ್ಲಿ ನಿಂತಿದ್ದರು. ಸೀರೆಯ ಸೆರಗು ಬಿಗಿದು ಕಟ್ಟಿಕೊಂಡಿದ್ದರು. ಅವರ ಸುತ್ತ ಪಾಚಿ ಒತ್ತಿಕೊಂಡು ತೇಲುತ್ತಿತ್ತು.

"ಮೇಲೆ ಬನ್ನಿ ಅಕ್ಕ, ಎಂತ ಹುಡುಗಾಟ ಇದು?" ಎಂದರು ಅಧ್ಯಕ್ಷರು.

"ನೀವು ಹಾಕಿ. ನಾನು ಬೇಡ ಅಂದ್ನಾ? ನಾನು ಇಲ್ಲೇ ಇರ್ತೀನಿ."

"ಠರಾವು ಆಗಿದೆ."

"ನಿಮ್ಮ ಮನೆ ಬಾವಿಗೆ ಒಂದು ಬೊಗಸೆ ಹಾಕಿ, ಆ ನೀರು ಕುಡಿದು ಬನ್ನಿ. ನಾನೇ ಚೀಲ ಬಿಚ್ಚಿಕೊಡ್ತೀನಿ."

ಬಿಸಿಲೇರಿತು. ಜನ ಸೇರಿದರು, ನಕ್ಕರು, ಕೆಲವರು ಮೊಬೈಲಿನಲ್ಲಿ ಚಿತ್ರ ತೆಗೆದರು. ಮಧ್ಯಾಹ್ನದ ಹೊತ್ತಿಗೆ ಅಧ್ಯಕ್ಷರು ನನ್ನ ಕಡೆ ತಿರುಗಿ, "ನೀನು ಹೇಳಿದ್ರೆ ಕೇಳ್ತಾರೆ, ಹೋಗಿ ಕರಕೊಂಡು ಬಾ" ಎಂದರು. ನಾನು ಪಂಚೆ ಎತ್ತಿ ಕಟ್ಟಿ ಇಳಿದೆ. ಹತ್ತಿರ ಹೋದಾಗ ಅವರ ತುಟಿ ನಡುಗುತ್ತಿದ್ದುದು ಕಂಡಿತು. ದನಿ ಮಾತ್ರ ನಡುಗಲಿಲ್ಲ.

"ಎಳಿಯಕ್ಕೆ ಬಂದ್ಯಾ, ನಿಲ್ಲಕ್ಕೆ ಬಂದ್ಯಾ?"

"ಎಳಿಯಕ್ಕೆ" ಎಂದೆ ತಲೆ ತಗ್ಗಿಸಿ.

"ಹಂಗಾದ್ರೆ ಎಳಿ." ಕೈ ಚಾಚಿದರು.

ಆ ಕೈಯನ್ನು ನಾನು ಹಿಡಿದುಕೊಂಡೆ, ಆದರೆ ಎಳೆಯಲಾಗಲಿಲ್ಲ. ದಂಡೆಯ ಮೇಲಿದ್ದವರೆಲ್ಲ ನೋಡುತ್ತಿದ್ದರು. ಲಲಿತಕ್ಕನ ಪಕ್ಕದಲ್ಲೇ ದಂಡೆಯ ಕಡೆ ತಿರುಗಿ ನಿಂತೆ. ನಿಂತ ಮೇಲೆಯೇ ನನ್ನ ಬಾಯಿಂದ ಚರಂಡಿಯ ಮಾತು ಬಂತು. ಅದೂ ಕೂಗಿ, ಇಡೀ ಊರಿಗೆ ಕೇಳುವಂತೆ. ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಸಂಜೆಯ ಹೊತ್ತಿಗೆ ಚೀಲಗಳು ವಾಪಸು ಹೋದವು. ಎರಡು ತಿಂಗಳಲ್ಲಿ ಕೆರೆ ತಿಳಿಯಾಗದಿದ್ದರೆ ಮತ್ತೆ ತರುತ್ತೇವೆ ಎಂಬುದು ಅಧ್ಯಕ್ಷರ ಷರತ್ತು.

ಚರಂಡಿಯನ್ನು ಕೆರೆಯಿಂದ ತಪ್ಪಿಸಿ, ಗುಂಡಿಗೆ ಇಳಿಸಿ, ಸುತ್ತ ಬಾಳೆ ನೆಟ್ಟೆವು. ಬಿದಿರ ಗಳದಿಂದ ಪಾಚಿಯನ್ನು ಎಳೆದೆಳೆದು ದಂಡೆಗೆ ಹಾಕಿದೆವು. ಆ ರಾಶಿಯನ್ನು ಲಲಿತಕ್ಕ ತಮ್ಮ ಹಿತ್ತಿಲಿಗೆ ಹೊರಿಸಿದರು. ಅಲ್ಲಿದ್ದ ಗೋಬರ್ ಗ್ಯಾಸ್ ತೊಟ್ಟಿಗೆ ಒಂದೇ ಹಸುವಿನ ಸಗಣಿ ಸಾಲದೆ ಒಲೆ ಅರ್ಧಕ್ಕೇ ಆರುತ್ತಿತ್ತು. ಪಾಚಿಯನ್ನು ಕೊಚ್ಚಿ ಸಗಣಿಗೆ ಬೆರೆಸಿ ತೊಟ್ಟಿಗೆ ಸುರಿದರು. ಇದ್ದ ಬೆಂಕಿಯೂ ಹೋಯಿತು! ತೊಟ್ಟಿ ಹುಳಿ ನಾತ ಹೊಡೆಯಿತು. "ಪಾಚಿಯಲ್ಲಿ ಚಾ ಕಾಯಿಸ್ತಾರಂತೆ" ಎಂದು ಊರೆಲ್ಲ ನಗೆಯೋ ನಗೆ. ಲಲಿತಕ್ಕ ಸೌದೆ ಒಲೆಯಲ್ಲಿ ಅಡುಗೆ ಮಾಡಿಕೊಳ್ಳುತ್ತ, ತೊಟ್ಟಿಗೆ ಬರೀ ಸಗಣಿ ಕೊಟ್ಟು ಕಾದರು. "ಅವಸರ ನಂದಾಗಿತ್ತು. ಹೊಸ ಮೇವಿಗೆ ಹೊಟ್ಟೆ ಒಗ್ಗಬೇಕಲ್ಲ" ಎಂದು ಆಮೇಲೆ ಸ್ವಲ್ಪ ಸ್ವಲ್ಪವೇ ಪಾಚಿ ಸೇರಿಸುತ್ತ ಬಂದರು. ಒಂದು ದಿನ ಒಲೆ ನೀಲಿಯಾಗಿ ಹತ್ತಿ, ಅಡುಗೆ ಮುಗಿದರೂ ಆರಲಿಲ್ಲ.

ಆ ಒಲೆಯ ಮೊದಲ ಚಹಾಕ್ಕೆ ಕರೆದಿದ್ದು ಅಧ್ಯಕ್ಷರನ್ನು. ಅವರು ಬಂದರು, ಕುಡಿದರು, "ಸಕ್ಕರೆ ಸ್ವಲ್ಪ ಕಮ್ಮಿಯಾಯ್ತು" ಎಂದರು.

"ಸಕ್ಕರೆ ವಿಚಾರ ಬಿಡಿ, ಬೆಂಕಿ ವಿಚಾರ ಹೇಳಿ" ಎಂದರು ಲಲಿತಕ್ಕ.

ಪಾಚಿಯಿಂದ ಡೀಸೆಲ್ ತೆಗೆದು ಬಸ್ಸೇ ಓಡಿಸಬಹುದು ಎಂದು ಯಾರೋ ಅಧಿಕಾರಿ ಬಂದು ಹೊಗಳಿದಾಗಲೂ ಅವರು ಉಬ್ಬಲಿಲ್ಲ. "ಓಡಿಸೋರು ಓಡಿಸಲಿ. ನನ್ನ ಕೈಲಾಗೋದು ಒಂದು ಒಲೆ. ಅದು ಸುಳ್ಳಲ್ಲ, ಬಂದು ಮುಟ್ಟಿ ನೋಡಿ" ಎಂದಿದ್ದರು. ಎರಡು ತಿಂಗಳು ಕಳೆಯಿತು. ಕೆರೆ ಪೂರ್ತಿ ತಿಳಿಯಾಗಿರಲಿಲ್ಲ, ಆದರೆ ನೀರಲ್ಲಿ ಮೀನು ಆಡುವುದು ಕಾಣುತ್ತಿತ್ತು. ಮೈಲುತುತ್ತದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಅವರನ್ನು ನಾನು ಕೊನೆಯ ಸಲ ನೋಡಿದ್ದು ಮಾರನೇ ವರ್ಷ, ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನಲ್ಲಿ. ಅವರು ಎದೆನೋವಿಗೆ ಮಾತ್ರೆ ನುಂಗುತ್ತಿದ್ದ ದಿನಗಳು. ಎರಡು ಕೈಯಲ್ಲಿ ಎರಡು ಕ್ಯಾನು, ಒಳಗೆ ನಮ್ಮ ಕೆರೆಯ ಹಸಿರು ನೀರು. ಶೃಂಗೇರಿ ಕಡೆಯ ಒಂದು ಹಳ್ಳಿಯಲ್ಲಿ ಇದೇ ಬಗೆಯ ಠರಾವಾಗಿ, ಇವರು ಹೋಗಿ ತಲುಪುವಷ್ಟರಲ್ಲಿ ಮೈಲುತುತ್ತ ಸುರಿದಾಗಿತ್ತಂತೆ. ಮೀನೆಲ್ಲ ಹೋಗಿತ್ತಂತೆ.

"ಸೋತೆ ನಾಗೇಶ. ಅದಕ್ಕೇ ಆ ಕೆರೆಗೆ ಪಾಚಿ ಬೀಜ ತಗೊಂಡು ಹೋಗ್ತಿದೀನಿ. ಹೋದ ತಿಂಗಳು ಹಾಕಿದ್ದು ಉಳೀಲಿಲ್ಲ. ಈಗ ಮಳೆ ಹೊಯ್ದು ಕೆರೆ ಕೋಡಿ ಹರಿದಿದೆ, ವಿಷ ತೊಳೆದು ಹೋಗಿರಬಹುದು, ನೋಡಣ."

"ಮತ್ತೂ ಉಳೀದಿದ್ರೆ?"

"ಮತ್ತೆ ಹೋಗ್ತೀನಿ. ಬಸ್ಸಿದೆಯಲ್ಲ."

ಕಂಡಕ್ಟರ್ ಕ್ಯಾನು ನೋಡಿ, "ಇದೆಂತ ಕೊಳಕು ನೀರು ಅಜ್ಜಿ, ಇಳಿಸಿ" ಎಂದ. "ಇಳಿಸಲ್ಲ. ಬೇಕಾದ್ರೆ ಅದಕ್ಕೂ ಒಂದು ಟಿಕೆಟ್ ಹರಿ" ಎಂದು ಸೀಟಿನಲ್ಲಿ ಕೂತೇ ಬಿಟ್ಟರು. ಬಸ್ಸು ಹೊರಟಿತು. ಅದಾಗಿ ಒಂದು ತಿಂಗಳೊಳಗೆ, ಮನೆಯಲ್ಲೇ ನಿದ್ದೆಯಲ್ಲಿ ಅವರ ಉಸಿರು ನಿಂತಿತು.

ಮಳೆಗಾಲ ಕಳೆದ ಮೇಲೆ ತಡೆಯಲಾಗದೆ ಆ ಹಳ್ಳಿಗೆ ಹೋದೆ. ಕೆರೆಯ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ತೆಂಗಿನ ನಾರು ಹಿಡಿದು ಕಲ್ಲು ತಿಕ್ಕುತ್ತಿದ್ದಳು. ಯಾರನ್ನು ಹುಡುಕುತ್ತಿದ್ದೀರಿ ಎಂದಳು. ಯಾರನ್ನೂ ಇಲ್ಲ, ಕೆರೆ ನೋಡಲು ಬಂದೆ ಎಂದೆ.

"ನೋಡುವಂಥದ್ದು ಎಂತ ಇದೆ ಇಲ್ಲಿ? ಯಾರೋ ಅಜ್ಜಿ ಬಂದು ಎಂತದೋ ಸುರಿದು ಹೋದ್ರು. ಈಗ ನೋಡಿ, ಮೆಟ್ಟಿಲೆಲ್ಲ ಹಸಿರು, ಕಾಲಿಟ್ರೆ ಜಾರ್ತದೆ" ಎಂದು ಸಿಟ್ಟಿನಿಂದ ನಾರನ್ನು ನೀರಿಗೆ ಅದ್ದಿದಳು. "ಎಷ್ಟು ತಿಕ್ಕಿದ್ರೂ ಹೋಗಲ್ಲ ಮಾರಾಯ್ರೆ."