ನಿಂಬೆಹಣ್ಣು, ಕೊಡೆ, ಕುದುರೆ

ಫ್ರಿಜ್ಜಿನ ಬಾಗಿಲು ತೆಗೆದುಕೊಂಡು ನಿಂತಿರುತ್ತೇನೆ. ಯಾತಕ್ಕೆ ತೆಗೆದೆನೆಂದು ಗೊತ್ತಿರುವುದಿಲ್ಲ. ಹಿಂದಿನಿಂದ ನನ್ನ ಹೆಂಡತಿ ಸರೋಜ, "ಕರೆಂಟೇನು ಬಿಟ್ಟಿ ಬರುತ್ತೇನ್ರೀ?" ಎನ್ನುತ್ತಾಳೆ. ಒಂದು ಕಡೆ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಈ ನಾಲ್ಕು ಸಾಲು ಬರೆಯುವಷ್ಟರಲ್ಲಿ ಎರಡು ಸಲ ಎದ್ದಿದ್ದೇನೆ, ಒಮ್ಮೆ ಕನ್ನಡಕಕ್ಕೆ, ಇನ್ನೊಮ್ಮೆ ಯಾತಕ್ಕೋ.

ತಮಾಷೆಯೆಂದರೆ, ನಿವೃತ್ತನಾಗುವವರೆಗೂ ಕೋಲಾರದ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಹೇಳಿಕೊಟ್ಟವನು ನಾನು. ಅದರಲ್ಲೂ ಅಲ್ಪಾವಧಿ ಸ್ಮೃತಿಯ ಪಾಠವೆಂದರೆ ಎಲ್ಲಿಲ್ಲದ ಹುರುಪು. ಅದು ಮನಸ್ಸಿನ ಜಗುಲಿ ಎನ್ನುತ್ತಿದ್ದೆ. ಬಂದವರೆಲ್ಲ ಮೊದಲು ಅಲ್ಲೇ ಕೂರಬೇಕು. ಹಿಡಿಸುವುದು ನಾಲ್ಕಾರು ಜನ. ಹೊಸಬರು ಬಂದರೆ ಹಳಬರು ಎದ್ದು ಜಾಗ ಬಿಡಬೇಕು. ಒಳಮನೆಗೆ ಹೋಗಿ ಕಾಯಂ ಉಳಿಯುವವರು ಕೆಲವರು ಮಾತ್ರ. ಕೇಳಿದ್ದನ್ನು ಹಿಡಿದಿಡಲು ಒಳಗೊಂದು ದನಿ ಅದನ್ನೇ ಜಪಿಸುತ್ತಿರುತ್ತದೆ. ನೋಡಿದ್ದಕ್ಕೆ ಬೇರೆಯೇ ಏರ್ಪಾಡು. ಇವೆರಡರ ಮೇಲೆ ಗಮನವನ್ನು ಹಂಚಿಕೊಡುವ ಒಬ್ಬ ಯಜಮಾನ. ಅವನು ಅತ್ತ ತಿರುಗಿದನೆಂದರೆ ಇತ್ತಲಿನದು ಗೋವಿಂದ.

ಜಪದ ವಿಷಯದಲ್ಲಿ ಆಂಧ್ರದ ಗಡಿಗಂಟಿದ ಮುಳಬಾಗಲಿನ ನಮ್ಮಂಥವರದೊಂದು ಪೇಚು. ಮಗ್ಗಿ ಕಲಿತದ್ದು ಕನ್ನಡದಲ್ಲಿ, ಮನೆಯ ಜಗಳವೆಲ್ಲ ತೆಲುಗಿನಲ್ಲಿ. ಮರೆಯಬಾರದ್ದು ಏನೇ ಇರಲಿ, ನಾಲಗೆ ತಾನಾಗಿ ತೆಲುಗಿಗೆ ಹೊರಳುತ್ತದೆ. ನನ್ನ ಮೊಬೈಲಿನ ಬ್ಯಾಟರಿ ಎಷ್ಟು ಹಳೆಯದೆಂದರೆ, ಚಾರ್ಜರಿನ ವೈರು ಕಿತ್ತರೆ ಪ್ರಾಣ ಬಿಡುತ್ತದೆ. ಹಾಗಾಗಿ ಅದು ಅಡುಗೆಮನೆಯಲ್ಲಿ, ಕಂಪ್ಯೂಟರು ನಡುಮನೆಯಲ್ಲಿ. ಓಟಿಪಿ ಬಂತೆಂದರೆ "ಎನಿಮಿದಿ, ಮೂಡು, ತೊಮ್ಮಿದಿ" ಎಂದುಕೊಳ್ಳುತ್ತ ಓಡುತ್ತೇನೆ. ನಡುವೆ ಸರೋಜ, "ಸಾರಿಗೆ ಟೊಮೆಟೊ ಎಷ್ಟು ಹಾಕ್ಲಿ?" ಎಂದರೆ ಮುಗಿಯಿತು, ಬ್ಯಾಂಕಿನವರು ನನ್ನನ್ನು ನಾನೇ ಎಂದು ನಂಬುವುದಿಲ್ಲ.

ಇಲ್ಲಿಯವರೆಗೆ ನಗಬಹುದು. ನಮ್ಮಪ್ಪ ಕೊನೆಗಾಲದಲ್ಲಿ ನನ್ನನ್ನೇ "ಎವರು ನಾಯನಾ ನುವ್ವು?", ಯಾರಪ್ಪ ನೀನು, ಎಂದು ಕೇಳುತ್ತಿದ್ದರು. ಬಹಳ ಮರ್ಯಾದೆಯಿಂದ ಕೇಳುತ್ತಿದ್ದರು. ಮೊನ್ನೆ ಒಲೆಯ ಮೇಲೆ ಹಾಲಿಟ್ಟು, ಹಾಗೇ ಬೈಕು ಹತ್ತಿ ಕುರುಡುಮಲೆ ಕಡೆ ಹೊರಟುಬಿಟ್ಟೆ. ಬಂದು ನೋಡಿದರೆ ಪಾತ್ರೆ ಸುಟ್ಟು ಕರಕಲು. ಸರೋಜ ಬೈಯಲಿಲ್ಲ. ಆಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಅಪ್ಪನ ದಾರಿ ಹಿಡಿದೆನೇ? ಮಾರನೆಯ ದಿನವೇ ಇಬ್ಬರೂ ಕೋಲಾರಕ್ಕೆ, ಡಾಕ್ಟರ ಹತ್ತಿರ ಹೋದೆವು.

ಡಾಕ್ಟರಮ್ಮ ಕಲಬುರಗಿ ಕಡೆಯವರು, ಚಿಕ್ಕ ವಯಸ್ಸು. "ಮೂರು ಶಬ್ದ ಹೇಳ್ತೀನ್ರಿ ಸರ್, ಆಮ್ಯಾಲೆ ಕೇಳ್ತೀನಿ. ನಿಂಬೆಹಣ್ಣು, ಕೊಡೆ, ಕುದುರೆ," ಎಂದರು. ಈ ಪರೀಕ್ಷೆ ನನಗೆ ಗೊತ್ತಿಲ್ಲದ್ದೇ? ನಡುವೆ ಬೇರೆ ಮಾತೆತ್ತಿ ಜಪ ತಪ್ಪಿಸುವುದೇ ಅದರ ಉಪಾಯ. ಬಿಟ್ಟೇನೆಯೇ! ಕಾಲು ಕುಣಿಸುತ್ತ ಒಳಗೊಳಗೇ ಶುರು ಹಚ್ಚಿಕೊಂಡೆ: ನಿಮ್ಮಕಾಯ, ಗೊಡುಗು, ಗುರ್ರಂ. ಅವರು ಸರೋಜಳನ್ನು ಏನೋ ಕೇಳಿದರು. ಅವಳು ಏನೋ ಹೇಳಿದಳು, ಸೆರಗಿನಿಂದ ಮೂಗು ಒರೆಸಿಕೊಂಡಳು, ಮತ್ತೇನೋ ಹೇಳಿದಳು. ಗುರ್ರಂ, ಗೊಡುಗು... ಅಲ್ಲ, ಮೊದಲು ನಿಮ್ಮಕಾಯ.

"ಈಗ ಹೇಳ್ರಿ."

"ನಿಮ್ಮಕಾಯ, ಗೊಡುಗು, ಗುರ್ರಂ," ಎಂದೆ, ರ‍್ಯಾಂಕು ಬಂದವನ ಗತ್ತಿನಲ್ಲಿ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಸರೋಜ ಕಣ್ಣೊರೆಸಿಕೊಂಡು, "ಸರಿಯಾಗೇ ಹೇಳಿದ್ರು ಡಾಕ್ಟ್ರೇ, ತೆಲುಗಲ್ಲಿ," ಎಂದಳು. ಅವರು ನಕ್ಕರು. ಆಮೇಲೆ ಚಿತ್ರ ಬರೆಸಿದರು, ಲೆಕ್ಕ ಕೇಳಿದರು, ಎಲ್ಲದರಲ್ಲೂ ಪಾಸಾದೆ. ಕೊನೆಗೆ, "ಛಲೋ ಆತು ಸರ್. ನಿಮ್ಮ ಮನಿಯವ್ರು ಆಗಲೇ ನನಗ ಏನು ಹೇಳಿದ್ರು, ಅದನ್ನಷ್ಟು ಹೇಳ್ರಿ," ಎಂದರು.

ನನಗೆ ಒಂದು ಅಕ್ಷರವೂ ಗೊತ್ತಿರಲಿಲ್ಲ.

"ನೀವು ಮರೆಯಾಕತ್ತಿಲ್ಲ ಸರ್, ಕೇಳಿಸ್ಕೊಳ್ಳಾಕತ್ತಿಲ್ಲ. ಒಳಗ ಹೋಗಿದ್ರ ತಾನೆ ಮರೆಯೋದು?" ಎಂದು ಚೀಟಿ ಬರೆಯತೊಡಗಿದರು. ಹೋದ ಜೀವ ಬಂದಂತಾಯಿತು ನಿಜ. ಆದರೆ ವರ್ಷವರ್ಷವೂ ಕರಿಹಲಗೆಯ ಮೇಲೆ ಗಮನ ಹಂಚುವ ಆ ಯಜಮಾನನ ಚಿತ್ರ ಬರೆದ ನನಗೆ ನಾಚಿಕೆಯೂ ಆಯಿತು.

ವಾಪಸು ಬರಲು ತಿರುಪತಿ ಬಸ್ಸು ಸಿಕ್ಕಿತು. "ಅಲ್ಲಿ ಏನೇ ಹೇಳಿದ್ದು?" ಎಂದೆ.

"ಬಿಡಿ, ಆಯ್ತಲ್ಲ."

ಮತ್ತೆ ಕೇಳಿದೆ. ಅವಳು ಕಿಟಕಿಯಾಚೆಯ ಟೊಮೆಟೊ ತೋಟಗಳನ್ನು ನೋಡುತ್ತ ಹೇಳಿದಳು: "ಮಾವನ ಥರ ಇವ್ರೂ ಒಂದಿನ ಯಾರಮ್ಮಾ ನೀನು ಅಂದ್ಬಿಟ್ರೆ, ನಾನು ಯಾರು ಅಂತ ಹೇಳ್ಕೊಳ್ಲಿ ಡಾಕ್ಟ್ರೇ ಅಂದೆ. ಹಾಲಿನ ಪಾತ್ರೆ ನೋಡಿದ್ಮೇಲೆ ನಿದ್ದೆ ಬಂದಿಲ್ಲ ಅಂದೆ."

ಹೆದರಿಕೆ ನನ್ನೊಬ್ಬನದೆಂದುಕೊಂಡಿದ್ದೆ. ಅವಳು ಅದನ್ನು ಪಕ್ಕದಲ್ಲೇ ಕೂತು ಹೇಳುವಾಗ ನಾನು ಒಂದು ಕುದುರೆ ಕಾಯುತ್ತಿದ್ದೆ. "ಇನ್ನೂ ಏನೇನಿದೆ, ಹೇಳು," ಎಂದೆ. ಮೊದಲು ಅನುಮಾನದಿಂದ ನೋಡಿದಳು. ಆಮೇಲೆ ಹೇಳಿದಳು: ಮಂಡಿ ನೋವು, ತಂಗಿಯ ಜೊತೆ ಮಾತು ಬಿಟ್ಟದ್ದು, ಯಾವುದೋ ಕಾಲದಲ್ಲಿ ನಾನು ತಲೆಯಾಡಿಸಿ ಕೇಳದೇ ಹೋದ ಎಷ್ಟೋ ಸಂಗತಿ. ನಾನು ಅಲ್ಲಾಡದೆ ಕೂತಿದ್ದೆ.

"ಏನ್ ಸಾರ್, ಮುಳಬಾಗಲಿಗೆ ಟಿಕೆಟ್ ತಗೊಂಡು ನಂಗಲಿಗೆ ಬಂದಿದ್ದೀರಲ್ಲ!" ಎಂದ ಕಂಡಕ್ಟರು. ನಮ್ಮ ಮುಳಬಾಗಲಿನಲ್ಲಿ ಬಸ್ಸು ನಿಂತು, ಅರ್ಧ ಜನ ಇಳಿದು ಹೋದದ್ದು ನಮ್ಮಿಬ್ಬರಿಗೂ ಗೊತ್ತೇ ಆಗಿರಲಿಲ್ಲ. ಗಡಿಬಿಡಿಯಿಂದ ಇಳಿದು ರಸ್ತೆ ಪಕ್ಕ ನಿಂತೆವು.

"ನಿಮಗೇನೋ ಮರೆವು ಅಂತಿಟ್ಕೊಳ್ಳೋಣ," ಎಂದಳು ಸರೋಜ, ಸೆರಗು ಸರಿಮಾಡಿಕೊಳ್ಳುತ್ತ. "ನನಗೇನಾಗಿತ್ತು?"