ಮಂಗಳವಾಗದ ಕಾದಂಬರಿ

ಕಾದಂಬರಿಯ ನಾಯಕಿಯರು ಮಾತೆತ್ತಿದರೆ ಮೂರ್ಛೆ ಹೋಗುತ್ತಿದ್ದ ಕಾಲದಲ್ಲಿ ನಾನು ಓದಲು ಶುರು ಮಾಡಿದೆ. ಗಂಡನ ಸುದ್ದಿ ಬಂದರೆ ಮೂರ್ಛೆ, ಬರದಿದ್ದರೆ ಮೂರ್ಛೆ. ಹಾನಗಲ್ಲಿನ ಬಾಡಿಗೆ ಮನೆಯ ಹಿತ್ತಲಲ್ಲಿ ಪಾತ್ರೆ ತಿಕ್ಕಿ ಬಂದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಾಗಿಲ ಬೆಳಕಿಗೆ ಕೂತು ಓದುವಾಗ ನನಗೆ ನಗು ಬರುತ್ತಿತ್ತು. ನಮ್ಮ ಕಡೆಯ ಹೆಂಗಸರಿಗೆ ಮೂರ್ಛೆ ಹೋಗಲಿಕ್ಕೆ ಪುರುಸೊತ್ತೆಲ್ಲಿದೆ? ಅಷ್ಟರಲ್ಲಿ ಒಲೆಯ ಮೇಲಿನ ಬೇಳೆ ಉಕ್ಕಿ ಬೂದಿ ಪಾಲಾಗುತ್ತದೆ. ಆದರೂ ಓದುತ್ತಿದ್ದೆ. ಬೈಯುತ್ತ ಬೈಯುತ್ತಲೇ ಓದುತ್ತಿದ್ದೆ.

ನಮ್ಮವರು ಹುಬ್ಬಳ್ಳಿಯ ಹತ್ತಿ ಸಾಹುಕಾರರೊಬ್ಬರ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಸಾಹುಕಾರರು ಯಾವ ಊರಲ್ಲಿ ಖರೀದಿ ಹಿಡಿಯುತ್ತಾರೋ ಆ ಊರಿಗೆ ನಮ್ಮ ಸಂಸಾರ ಏಳಬೇಕು. ಮದುವೆಯಾದ ಹೊಸತರಲ್ಲಿ ಹಾನಗಲ್ಲು, ಆಮೇಲೆ ಶಿಗ್ಗಾವಿ, ಯುದ್ಧ ಶುರುವಾದ ಮೇಲೆ ಸವಣೂರು, ಕಡೆಗೆ ಹಿರೇಕೆರೂರು. ಊರು ಬದಲಾದರೂ ನನ್ನ ದಿನ ಬದಲಾಗುತ್ತಿರಲಿಲ್ಲ. ಅವರು ಮುಂಜಾನೆ ರೊಟ್ಟಿ ಕಟ್ಟಿಸಿಕೊಂಡು ಹಳ್ಳಿಗಳ ಕಡೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮನೆಯಲ್ಲಿ ನಾನು, ಒಲೆ, ಯಾರದೋ ಮನೆಯ ಬೆಕ್ಕು. ಮಕ್ಕಳಾಗಲಿಲ್ಲ. ಅದಕ್ಕಾಗಿ ಹೊತ್ತ ಹರಕೆಗಳ ಪುರಾಣ ಇಲ್ಲಿ ಬೇಡ.

ಓದುವ ಹುಚ್ಚು ಅಂಟಿಸಿದವನು ಧಾರವಾಡದಲ್ಲಿ ಮಾಸ್ತರನಾಗಿದ್ದ ನನ್ನ ಅಣ್ಣ. ತಾನು ಓದಿ ಮುಗಿಸಿದ ಕಾದಂಬರಿ, ಆತ್ಮಚರಿತ್ರೆಗಳನ್ನು ಹಳೆಯ ಧೋತರದ ತುಂಡಿನಲ್ಲಿ ಗಂಟು ಕಟ್ಟಿ ಮೋಟಾರಿನವರ ಕೈಯಲ್ಲಿ ಕಳಿಸುತ್ತಿದ್ದ. ನಾನು ಓದಿ, ನನಗೆ ಅನಿಸಿದ್ದನ್ನೆಲ್ಲ ಕಾಗದದಲ್ಲಿ ತೋಡಿಕೊಂಡು, ಗಂಟನ್ನು ತಿರುಗಿ ಕಳಿಸುತ್ತಿದ್ದೆ. ಈ ನಾಯಕ ಹೇಡಿ, ಆ ಅತ್ತೆ ಅಷ್ಟು ಕೆಟ್ಟವಳಿರಲಾರಳು, ಈ ಲೇಖಕರು ಹುಟ್ಟಿದಾರಭ್ಯ ಅಡುಗೆಮನೆಗೆ ಕಾಲಿಟ್ಟಿಲ್ಲ, ಹೀಗೆ. ಅವನ ಜವಾಬು ಬರುತ್ತಿತ್ತು: ಪುಸ್ತಕ ಮುಟ್ಟಿದವು, ಒಂದರ ರಟ್ಟಿಗೆ ಎಣ್ಣೆ ಹತ್ತಿದೆ, ಜೋಪಾನ. ಅಷ್ಟೇ! ಪುಣ್ಯಾತ್ಮನಿಗೆ ತಂಗಿಯ ಮಾತಿಗಿಂತ ರಟ್ಟು ದೊಡ್ಡದು.

ಶಿಗ್ಗಾವಿಯಲ್ಲಿದ್ದಾಗ ದೊಡ್ಡ ಹುದ್ದೆಯಿಂದ ನಿವೃತ್ತರಾದವರೊಬ್ಬರ ಆತ್ಮಚರಿತ್ರೆ ಓದಿದೆ. ತಮ್ಮ ಕುದುರೆಯ ಬಗ್ಗೆ ಒಂದು ಅಧ್ಯಾಯವನ್ನೇ ಬರೆದಿದ್ದರು. ಅದರ ಬಣ್ಣ, ಓಟ, ಅದಕ್ಕೆ ಬಂದ ಕಾಯಿಲೆ, ಅದು ಸತ್ತಾಗ ತಾವು ಊಟ ಬಿಟ್ಟದ್ದು. ಹೆಂಡತಿ ಬಂದದ್ದು ಒಂದೇ ಸಾಲಿನಲ್ಲಿ, ಈ ನಡುವೆ ಮದುವೆಯೂ ಆಯಿತೆಂದು. ನನಗೆ ಮೈಯೆಲ್ಲ ಉರಿಯಿತು. ಸಂಜೆ ನಮ್ಮವರು ಕಾಲು ತೊಳೆದು ಕೂತ ಕೂಡಲೇ ಹೇಳಿದೆ.

"ಕೇಳ್ರಿಲ್ಲೆ. ಈ ಮನಿಷಾ ಕುದರಿ ಸತ್ತದ್ದಕ್ಕ ಊಟ ಬಿಟ್ಟಾನಂತ. ಹೇಣತಿ ಬದುಕಿದ್ಲೋ ಸತ್ಲೋ, ಒಂದ್ ಅಕ್ಷರ ಬರದಿಲ್ಲ."

"ಹೂಂ," ಅಂದರು ನಮ್ಮವರು. ಆಮೇಲೆ, "ಕುದರಿ ಯಾವ ಜಾತೀದಂತ?" ಅಂತ ಕೇಳಿದರು.

ಅವರು ಕೆಟ್ಟವರಲ್ಲ. ದಣಿದು ಬಂದವರು, ಕೇಳಬೇಕಲ್ಲ ಅಂತ ಏನೋ ಕೇಳಿದರು. ಆದರೆ ನಾನು ಬಚ್ಚಲಿಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತೆ. ನನಗೆ ಸೀರೆ ಬೇಕಿರಲಿಲ್ಲ, ಬಂಗಾರ ಬೇಕಿರಲಿಲ್ಲ. ಓದಿದ್ದನ್ನು ಹೇಳಿದರೆ "ಮುಂದ?" ಅನ್ನುವ ಒಂದು ಜೀವ ಬೇಕಿತ್ತು. ಅದೊಂದೇ ನನಗೆ ಬೇಕಿದ್ದದ್ದು, ಅದೊಂದೇ ಎಲ್ಲೂ ಸಿಗುತ್ತಿರಲಿಲ್ಲ.

ಸಿಕ್ಕಿದ್ದು ಸವಣೂರಿನಲ್ಲಿ. ಅದು ಆಗ ನವಾಬರ ಊರು. ನಮ್ಮ ಓಣಿಯ ಹಿಂದೆಯೇ ಎಲೆಬಳ್ಳಿಯ ತೋಟಗಳು. ಸೀಮೆಎಣ್ಣೆ ಸಿಗದ ದಿನಗಳಾದ್ದರಿಂದ ಕತ್ತಲಾದ ಮೇಲೆ ಓದುವ ಮಾತಿಲ್ಲ. ಮಧ್ಯಾಹ್ನವೇ ಪಡಸಾಲೆಯ ಬಾಗಿಲು ತೆರೆದಿಟ್ಟು ಓದುತ್ತಿದ್ದೆ. ಒಬ್ಬಳೇ ಇದ್ದು ಇದ್ದು ನನಗೆ ಗಟ್ಟಿಯಾಗಿ ಓದುವ ಚಟ ಬಿದ್ದಿತ್ತು. ಮನೆಯಲ್ಲಿ ಒಂದು ದನಿಯಾದರೂ ಇರಲಿ ಅಂತ.

ಒಂದು ದಿನ ಓದು ನಿಲ್ಲಿಸಿ ತಲೆ ಎತ್ತಿದರೆ ಹೊಸ್ತಿಲಾಚೆ ನಮ್ಮ ಮನೆಯ ಒಡತಿ ಕೂತಿದ್ದಳು. ಒಕ್ಕಲುತನದ ದೊಡ್ಡ ಮನೆ ಅವರದು. ಮಕ್ಕಳು, ಸೊಸೆಯರು, ಮೊಮ್ಮಕ್ಕಳು, ದನಕರು ಎಲ್ಲ ತುಂಬಿದ ಸಂಸಾರ. ಮುದುಕಿಯನ್ನು ಊರೆಲ್ಲ ಆಯಿ ಅನ್ನುತ್ತಿತ್ತು. ಹಣೆಯ ತುಂಬ ವಿಭೂತಿ, ಉಡಿಯಲ್ಲಿ ಹತ್ತಿ. ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು.

"ಯಾಕ ನಿಂದರಿಸಿದಿ? ಮುಂದ?" ಅಂದಳು.

ಪುಸ್ತಕ ಕೆಳಗಿಟ್ಟೆ. "ಆಯಿ, ನೀವು ಯಾವಾಗ ಬಂದ್ರಿ?"

"ಆಕಿ ಗಂಡಗ ನೀರ ಕೊಟ್ಲಲ್ಲ, ಆವಾಗಿಂದ ಕುಂತೇನಿ. ಪುರಾಣ ಹಚ್ಚೀದಿ, ಒಂದ್ ಮಾತ ಹೇಳಬಾರದೇನವ್ವಾ?"

ನಮ್ಮ ಕಡೆ ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಊರು ಕೂತು ಕೇಳುತ್ತದೆ, ತಿಂಗಳಾದ ಮೇಲೆ ಮಂಗಳ ಹಾಡಿ ಮುಗಿಸುತ್ತಾರೆ. ಇದು ಪುರಾಣವಲ್ಲ, ಕಾದಂಬರಿ, ಯಾರೋ ಮನಸ್ಸಿನಲ್ಲಿ ಹುಟ್ಟಿಸಿ ಬರೆದದ್ದು ಅಂತ ಎಷ್ಟು ತಿಳಿಸಿದರೂ ಆಯಿಯ ತಲೆಗೆ ಹೋಗಲಿಲ್ಲ. "ಎಲ್ಲಾ ಯಾರೋ ಒಬ್ರು ಬರದದ್ದ ಅಲ್ಲೇನ?" ಅಂದಳು. ಮರುದಿನದಿಂದ ಕಾಲು ತೊಳೆದೇ ಬಂದಳು. ನನಗೂ ವಿಭೂತಿ ಹಚ್ಚಿಸಿದಳು. ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಳ್ಳಗೊಡದೆ ಮಣೆಯ ಮೇಲೆ ಇಡಿಸಿದಳು. ಅವಳದು ಇನ್ನೊಂದು ಕಟ್ಟಪ್ಪಣೆ: ಸಾವಿನ ಹತ್ತಿರ, ಜಗಳದ ಹತ್ತಿರ, ಅಳುವಿನ ಹತ್ತಿರ ಆ ದಿನದ ಓದು ನಿಲ್ಲಿಸುವಂತಿಲ್ಲ. "ಕೆಟ್ಟದ್ದರ ಮ್ಯಾಲ ಪುಸ್ತಕ ಮುಚ್ಚಬಾರದವ್ವಾ. ಚಲೋದು ಬರೂತನಕ ಓದಬೇಕು." ನಮ್ಮ ಕಾದಂಬರಿಕಾರರಿಗೆ ಇದು ಗೊತ್ತಿರಲಿಲ್ಲವಲ್ಲ. ಚಲೋದು ಸಿಗುವಷ್ಟರಲ್ಲಿ ಎಷ್ಟೋ ದಿನ ನನ್ನ ಗಂಟಲು ಒಣಗಿಹೋಗುತ್ತಿತ್ತು, ಒಲೆ ಹೊತ್ತಿಸುವ ಹೊತ್ತು ಮೀರಿರುತ್ತಿತ್ತು.

ಆದರೆ ಅಂಥ ಸುಖದ ದಿನಗಳನ್ನು ನಾನು ಮತ್ತೆ ಕಾಣಲಿಲ್ಲ. ನಾಯಕ ಸುಳ್ಳು ಹೇಳಿದರೆ ಆಯಿ "ಭಾಡ್ಯಾ" ಅಂತ ಬೈದಳು. ಎರಡನೆಯ ಮದುವೆಗೆ ಹೆಣ್ಣು ನೋಡಲು ಹೋದವನಿಗೆ "ಇವಗ ಬ್ಯಾನಿ ಬರಲಿ" ಅಂದಳು. ಕುದುರೆಯ ಮನುಷ್ಯನ ಕಥೆ ಹೇಳಿದಾಗ ಬತ್ತಿ ಕೆಳಗಿಟ್ಟು ನಕ್ಕಳು. "ಹೇಣತೀನೂ ಪುಸ್ತಕ ಬರದ್ರ ತನ್ನ ಬಗ್ಗೆ ಏನ್ ಬರದಾಳೋ ಅಂತ ಅಂಜಿ ಆಕಿ ಸುದ್ದೀನ ಬಿಟ್ಟಾನ ತಗೋ" ಅಂದಳು. ಬೆಳಗ್ಗೆ ರೊಟ್ಟಿ ಬಡಿಯುವಾಗಲೇ ನನಗೆ ಮಧ್ಯಾಹ್ನದ ಧ್ಯಾನ.

ಆಗ ಅಣ್ಣ ಒಂದು ಹೊಸ ಕಾದಂಬರಿ ಕಳಿಸಿದ. ಯುದ್ಧಕಾಲದ ಒರಟು ಕಾಗದ, ತಿರುವಿದರೆ ಹರಿಯುವಂಥದು. ಅದು ಬಂದ ದಿನವೇ ನಾನು ಒಂದೇ ಉಸಿರಿಗೆ ಓದಿಬಿಟ್ಟಿದ್ದೆ. ತವರಿಲ್ಲದ ಬಡ ಹುಡುಗಿ, ಒಳ್ಳೆಯ ಗಂಡ, ಕಾಡುವ ನಾದಿನಿ. ಕೊನೆಗೆ ಹುಡುಗಿ ಚೊಚ್ಚಲ ಹೆರಿಗೆಯಲ್ಲಿ ಸಾಯುತ್ತಾಳೆ, ಗಂಡ ನದಿಯ ದಂಡೆಯಲ್ಲಿ ನಿಂತು ಸೂರ್ಯ ಮುಳುಗುವುದನ್ನು ನೋಡುತ್ತಾನೆ. ಮುಗಿಯಿತು. ನಾನು ಗಳಗಳ ಅತ್ತಿದ್ದೆ. ಇಷ್ಟು ಚೆಂದದ ಮುಕ್ತಾಯ ಕನ್ನಡದಲ್ಲಿ ಬಂದೇ ಇಲ್ಲ ಅಂತ ನನ್ನ ಅಭಿಪ್ರಾಯವಾಗಿತ್ತು. ಅದನ್ನು ಆಯಿಯೂ ಕೇಳಲಿ, ನನ್ನ ಹಾಗೆಯೇ ಅಳಲಿ ಅಂತ ಆಸೆಯಾಯಿತು.

ಹುಡುಗಿಗೆ ಏಳು ತಿಂಗಳಾದ ಅಧ್ಯಾಯ ಓದಿದ ಮರುದಿನ ಆಯಿ ಒಬ್ಬಳೇ ಬರಲಿಲ್ಲ. ಇಬ್ಬರು ಸೊಸೆಯರು ಹಿಂದೆ ಇದ್ದರು. ಒಬ್ಬಳ ಕೈಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿಯ ತಟ್ಟೆ. ಇನ್ನೊಬ್ಬಳ ಕೈಯಲ್ಲಿ ಹಸಿರು ಕುಪ್ಪಸದ ಖಣ.

"ಏನ್ರಿ ಆಯಿ ಇದು?"

"ಹುಡುಗಿಗೆ ಏಳ ತುಂಬ್ಯಾವಲ್ಲ! ಪುರಾಣದಾಗ ಬಸುರಿ ಇದ್ರ ಉಡಿ ತುಂಬೂದಿಲ್ಲೇನು? ಅದಕ್ಕ ತವರಿಲ್ಲ, ನಾದಿನಿ ಅಂತೂ ರಾಕ್ಷಸಿ. ಯಾರು ತುಂಬತಾರ ಪಾಪ."

ಮಠದಲ್ಲಿ ಶರಣರು ಹುಟ್ಟುವ ಭಾಗ ಬಂದಾಗ ತೊಟ್ಟಿಲು ಕಟ್ಟುತ್ತಾರೆ, ಹೆಂಗಸರಿಗೆ ಉಡಿ ತುಂಬುತ್ತಾರೆ. ನಾನೂ ನೋಡಿದವಳೇ. ಆದರೆ ಕಾದಂಬರಿಗೆ ಉಡಿ ಎಲ್ಲಿದೆ? ಆಯಿ ಅದನ್ನೂ ಯೋಚಿಸಿಯೇ ಬಂದಿದ್ದಳು. "ಓದಾಕಿ ನೀ. ನಿನ್ನ ಉಡಿಗೆ ಬಿದ್ರ ಆಕಿಗೆ ಮುಟ್ಟತೈತಿ. ಏಳು, ಸೆರಗ ಒಡ್ಡು."

ನನಗೆ ಜನ್ಮದಲ್ಲಿ ಯಾರೂ ಏಳು ತಿಂಗಳ ಉಡಿ ತುಂಬಿರಲಿಲ್ಲ. ಮಣೆಯ ಮೇಲೆ ಕೂತೆ. ಸೊಸೆಯರು ಹಾಡಿದರು. ಉಡಿಗೆ ಅಕ್ಕಿ ಬೀಳುತ್ತಿದ್ದಂತೆ ಭಾರವಾಯಿತು. ಮುಂದಿನ ಅಧ್ಯಾಯದಲ್ಲಿ ಆಗುವುದೇನೆಂದು ಆ ನಾಲ್ವರಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬೇಡ ಅನ್ನಲು ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ ಬೇಡವಾಗಿಯೂ ಇರಲಿಲ್ಲ. ಸಂಜೆ ಆ ಅಕ್ಕಿಯಿಂದ ಪಾಯಸ ಮಾಡಿದೆ. ಯಾವ ಹಬ್ಬ ಅಂತ ನಮ್ಮವರು ಕೇಳಲಿಲ್ಲ.

ಮರುದಿನ ಕೊನೆಯ ಅಧ್ಯಾಯ ಓದಿದೆ. ಹುಡುಗಿ ಸತ್ತಳು, ಸೂರ್ಯ ಮುಳುಗಿದ, ಪುಸ್ತಕ ಮುಗಿಯಿತು. ಆಯಿ ಅಳಲಿಲ್ಲ. ಬತ್ತಿ ಹಿಡಿದ ಬೆರಳುಗಳು ನಿಂತಿದ್ದವು.

"ಮುಂದ?"

"ಮುಂದ ಇಲ್ರಿ ಆಯಿ. ಮುಗೀತು."

"ಮುಗೀತು ಅಂದ್ರ? ಕೂಸು?"

ಕೂಸು ಬದುಕಿತ್ತು. ಒಳಗಿನಿಂದ ಮಗುವಿನ ಅಳು ಕೇಳಿತು ಎಂಬ ಒಂದು ಮಾತಿತ್ತು, ಅಷ್ಟೇ. ಆಮೇಲೆ ಲೇಖಕರಿಗೆ ಗಂಡನದೇ ದುಃಖ, ನದಿಯದೇ ವರ್ಣನೆ.

"ಕೂಸು ಯಾರ ಕೈಯಾಗೈತಿ? ಹಾಲ ಯಾರು ಕುಡಿಸ್ತಾರ? ಅಪ್ಪ ಅನ್ನಾವ ಹೊಳಿ ದಂಡಿಗೆ ಹೋಗಿ ನಿಂತಾನ. ಬರದಾವ ನಡುವನ ಎದ್ದು ಹೋಗ್ಯಾನಲ್ಲ, ಇಂಥಾದ್ದಕ್ಕ ಮಂಗಳ ಹೆಂಗ ಹಾಡೂದು?"

ನನಗೆ ಸಿಟ್ಟು ಬಂತು. ನಾನು ಅಷ್ಟು ಮೆಚ್ಚಿದ್ದ ಮುಕ್ತಾಯ ಅದು. "ಇದು ಪುರಾಣ ಅಲ್ಲಂತ ಎಷ್ಟ ಸಲ ಹೇಳಬೇಕ್ರಿ? ಹಿಂಗ ಮುಗದ್ರನ ಚೆಂದ. ನಿಮಗ ತಿಳಿಯೂದಿಲ್ಲ ಬಿಡ್ರಿ!" ಅಂದುಬಿಟ್ಟೆ.

ಆಯಿ ಮೊಣಕಾಲಿಗೆ ಕೈಯೂರಿ ಎದ್ದಳು. "ಹೌದವ್ವಾ, ನನಗ ತಿಳಿಯೂದಿಲ್ಲ," ಅಂದು ಹೊರಟುಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಗೋಡೆಯಾಚೆ ಅವಳ ಕೆಮ್ಮು ಕೇಳುತ್ತಿತ್ತು. ಹೋಗಿ ಕರೆಯಬೇಕೆನಿಸಿದರೂ ನನ್ನ ಬಿಗುಮಾನ ಬಿಡಲಿಲ್ಲ. ಗಟ್ಟಿಯಾಗಿ ಓದಲು ಕೂತರೆ ನಾಲ್ಕು ಸಾಲಿಗೆ ದನಿ ಬಿದ್ದುಹೋಗುತ್ತಿತ್ತು. ಮೊದಲು ಯಾರೂ ಇಲ್ಲದೆಯೂ ಓದುತ್ತಿದ್ದವಳಿಗೆ ಈಗ ಅದೂ ಸಾಧ್ಯವಾಗಲಿಲ್ಲ. ಒಂಟಿತನ ಮೊದಲೂ ಇತ್ತು, ಆದರೆ ಅದಕ್ಕೆ ಒಬ್ಬರ ಮುಖ ಇರಲಿಲ್ಲ.

ಅಷ್ಟರಲ್ಲಿ ಸಾಹುಕಾರರು ಹಿರೇಕೆರೂರಿಗೆ ಹೋಗಲು ಹೇಳಿದರು. ಚಕ್ಕಡಿಗೆ ಸಾಮಾನು ಹೇರುವ ಮುಂಜಾನೆ ಆಯಿ ಬಂದು ಖಾಲಿ ಪಡಸಾಲೆಯಲ್ಲಿ ಕೂತಳು.

"ಹಚ್ಚಿದ ಪುರಾಣ ಅರ್ಧಕ್ಕ ಬಿಟ್ಟು ಊರ ದಾಟಬಾರದವ್ವಾ. ಕುಂದರು. ಉಳಿದದ್ದು ನಾ ಹೇಳ್ತೇನಿ."

"ನಿಮಗ ಹೆಂಗ ಗೊತ್ರಿ ಆಯಿ?"

"ಆ ಕೂಸು ನಾನ," ಅಂದಳು.

ಹತ್ತಿಮತ್ತೂರಿನಲ್ಲಿ ಅವಳನ್ನು ಹಡೆದ ದಿನವೇ ಅವಳ ಅವ್ವ ಸತ್ತಿದ್ದಳು. ಅಪ್ಪ ಮನೆ ಬಿಟ್ಟು ಹೋದವನು ತಿರುಗಿ ನೋಡಲಿಲ್ಲ. ನೆರೆಮನೆಯ ಕುಂಬಾರ ಹೆಣ್ಣುಮಗಳು ಒಂದು ಮೊಲೆಗೆ ತನ್ನ ಮಗನನ್ನೂ ಇನ್ನೊಂದು ಮೊಲೆಗೆ ಇವಳನ್ನೂ ಹಾಕಿಕೊಂಡಳು. ಮಣ್ಣು ತುಳಿಯುವಾಗ ಬೆನ್ನಿಗೆ ಕಟ್ಟಿಕೊಂಡಳು. ಮದುವೆಯಲ್ಲಿ ತಾಯಿಯ ಜಾಗದಲ್ಲಿ ನಿಂತು ಅತ್ತವಳೂ ಅವಳೇ. ಆಮೇಲೆ ಸವಣೂರು, ಎಲೆತೋಟ, ಹೆತ್ತದ್ದು, ಕಳೆದುಕೊಂಡದ್ದು, ಉಳಿಸಿಕೊಂಡದ್ದು.

"ನಮ್ಮವ್ವ ಸತ್ತಾಗ ಎಲ್ಲಾರೂ ಮುಗೀತು ಅಂದಿದ್ರಂತ. ಎಲ್ಲಿ ಮುಗದೈತಿ? ಇಲ್ನೋಡು, ನಿನ್ನ ಮುಂದ ಕುಂತೇನಿ," ಅಂದಳು. ಆಮೇಲೆ ಕಣ್ಣು ಮುಚ್ಚಿ ಮಂಗಳ ಶುರು ಮಾಡಿದಳು. ಅಳು ಒತ್ತಿ ಬಂದರೂ ನಾನು ದನಿಗೂಡಿಸಿದೆ. ಹೊರಗೆ ನಮ್ಮವರು ಎತ್ತುಗಳನ್ನು ಹಿಡಿದುಕೊಂಡು ಹಾಡು ಮುಗಿಯುವವರೆಗೆ ಸುಮ್ಮನೆ ನಿಂತಿದ್ದರು.

ಹೊಸ್ತಿಲು ದಾಟುವಾಗ ಆಯಿ ಹೇಳಿದಳು, "ಅಲ್ಲೂ ಬಾಗಲ ತಗದ ಓದು. ಯಾರರೆ ಬರ್ತಾರ."

ಹಿರೇಕೆರೂರಿನಲ್ಲಿ ಬಾಗಿಲು ತೆರೆದಿಟ್ಟೇ ಓದಿದೆ. ಯಾರೂ ಬರಲಿಲ್ಲ. ಅಣ್ಣ ಕಳಿಸಿದ ಗಂಟುಗಳು ಪೆಟ್ರೋಲಿಲ್ಲದೆ ಇದ್ದಲಿನಿಂದ ಓಡುತ್ತಿದ್ದ ಮೋಟಾರಿನಲ್ಲಿ ರಟ್ಟೀಹಳ್ಳಿಯ ಮೇಲಿನಿಂದ ಮಸಿ ಬಳಿದುಕೊಂಡು ಬರುತ್ತಿದ್ದವು. ಒಳ್ಳೆಯ ಪುಸ್ತಕಗಳೇ ಇದ್ದವು. ಆದರೆ ಯಾವುದನ್ನು ಓದಿದರೂ ಕಡೆಗೆ ಕೂಸು ಎಲ್ಲಿ ಅಂತ ಹುಡುಕುವ ರೋಗ ನನಗೆ ಹತ್ತಿತ್ತು. ನದಿಯ ದಂಡೆಯಲ್ಲಿ ನಿಂತ ಗಂಡಸರು ನನ್ನನ್ನು ಮತ್ತೆ ಅಳಿಸಲಿಲ್ಲ.

ಒಂದು ವರ್ಷ ಹತ್ತಿ ಸುಗ್ಗಿಯಲ್ಲಿ ಸವಣೂರಿನ ಕಡೆಯಿಂದ ಬಂದ ಚಕ್ಕಡಿಯವನು, ಆಯಿ ಶ್ರಾವಣದಲ್ಲಿ ಹೋದಳು ಅಂತ ಸುದ್ದಿ ಹೇಳಿದ. ಕೂತಲ್ಲೇ ಕೂತೆ. ಮನೆಯಲ್ಲಿ ಯಾರೂ ಇರಲಿಲ್ಲ.

ಆದರೆ ಕೆಟ್ಟದ್ದರ ಮೇಲೆ ಮುಚ್ಚಬಾರದಲ್ಲ. ಎದ್ದು ಕಾಲು ತೊಳೆದೆ, ವಿಭೂತಿ ಹಚ್ಚಿಕೊಂಡೆ. ಮಣೆಯ ಮೇಲೆ ಪುಸ್ತಕವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಖಾಲಿ ಪಡಸಾಲೆಗೆ ಗಟ್ಟಿಯಾಗಿ ಹೇಳತೊಡಗಿದೆ: ಹತ್ತಿಮತ್ತೂರಿನಲ್ಲಿ ಒಂದು ಕೂಸು ಹುಟ್ಟಿತು, ಅದರ ಅವ್ವ ಸತ್ತಳು, ನೆರೆಮನೆಯವಳು ಹಾಲು ಕೊಟ್ಟಳು. ಆ ಕೂಸು ಬೆಳೆದು ಮುದುಕಿಯಾಗಿ, ಬಂಜೆಯೊಬ್ಬಳ ಉಡಿ ತುಂಬುವವರೆಗೆ ಹೇಳಿ ಅಲ್ಲಿಗೆ ನಿಲ್ಲಿಸಿದೆ. ಅದಕ್ಕಿಂತ ಚಲೋದು ನನಗೆ ಗೊತ್ತಿರಲಿಲ್ಲ.

ಆಮೇಲೆ ಮಂಗಳ ಹಾಡಿದೆ. ಒಬ್ಬಳೇ ಹಾಡಿದರೆ ಅದು ಬಹಳ ಬೇಗ ಮುಗಿದುಹೋಗುತ್ತದೆ.